ಜಗದ್ದಲ್ ಯಾವ ಕಂಪನಿಯ ಕಾರು?

ಗುಬ್ಬಿಯ ಗ್ಯಾರೇಜೊಂದರಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟು ಕೂತಿದ್ದೆ. ಬೇಸರಕ್ಕೆ ಋತ್ವಿಕ್ ಘಟಕ್ ಅವರ 1958ರ ಬಂಗಾಳಿ ಚಿತ್ರ ‘ಅಜಾಂತ್ರಿಕ್’ನ ಒಂದು ದೃಶ್ಯವನ್ನು ಮೇಸ್ತ್ರಿಗೆ ಫೋನಿನಲ್ಲಿ ತೋರಿಸಿ, ಈ ಹಳೇ ಟ್ಯಾಕ್ಸಿ ಯಾವುದು ಹೇಳಿ ಎಂದೆ. ಉತ್ತರ ನನಗೆ ಗೊತ್ತಿತ್ತು. 1920ರ ಷೆವರ್ಲೆ ಎಂದು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಮೇಸ್ತ್ರಿ ಎರಡು ಸಲ ನೋಡಿ, “ಕಂಪನಿ ಯಾವ್ದಾದ್ರೇನಮ್ಮ, ಇದನ್ನ ಯಾರೋ ಸಾಕವ್ರೆ” ಎಂದರು.

ತುಮಕೂರಿಗೆ ವಾಪಸಾಗುವಾಗಲೂ ಆ ‘ಸಾಕವ್ರೆ’ ತಲೆಯಲ್ಲೇ ಇತ್ತು. ರಾಂಚಿ ಕಡೆಯ ಟ್ಯಾಕ್ಸಿ ಚಾಲಕ ಬಿಮಲ್ ಆ ಕಾರಿಗೆ ಜಗದ್ದಲ್ ಎಂದು ಹೆಸರಿಟ್ಟಿದ್ದಾನೆ. ಅದರ ಜೊತೆ ಮಾತಾಡುತ್ತಾನೆ, ಉಳಿದವರು ಅವನನ್ನು ಹುಚ್ಚನೆನ್ನುತ್ತಾರೆ. ನಾವೂ ಹಾಗೇ ಅನ್ನಬಾರದೆಂದು ಘಟಕ್ ಸದ್ದನ್ನು ಬಳಸುತ್ತಾರೆ. ರೇಡಿಯೇಟರಿಗೆ ನೀರು ಹೊಯ್ದಾಗ ಬಾಯಾರಿದ ಪ್ರಾಣಿ ಗಟಗಟ ಕುಡಿದ ಸದ್ದು ಬರುತ್ತದೆ. ಇದು ಬರೀ ತಮಾಷೆಯಲ್ಲ. ಬಿಮಲ್‌ನ ಕಿವಿಗೆ ಕೇಳುವುದು ನಮ್ಮ ಕಿವಿಗೂ ಕೇಳಿದ ಮೇಲೆ ಅವನೊಬ್ಬನನ್ನೇ ಹುಚ್ಚನೆನ್ನಲು ಆಗುವುದಿಲ್ಲ.

ಹಾಗಂತ ಇಸವಿ ಬೇಡವೆಂದಲ್ಲ. ಚಿತ್ರ ಬಂದಾಗ ಆ ಕಾರಿಗೆ 38 ವರ್ಷ. ಅಷ್ಟು ಹಳೆಯದು ಬಾಡಿಗೆಗೆ ಓಡುತ್ತಿತ್ತೆಂದರೆ ಅದರ ಹಿಂದೆ ಒಬ್ಬನ ದುಡಿಮೆ, ಹಟ, ಹಸಿವು ಎಲ್ಲ ಇದೆ. ಇಸವಿ ಗೊತ್ತಿದ್ದರೆ ಅವನ ಪ್ರೀತಿಯ ಖರ್ಚೆಷ್ಟು ಎಂಬುದೂ ಗೊತ್ತಾಗುತ್ತದೆ. ಇಸವಿ ಬರೆದು ಅಲ್ಲಿಗೇ ನಿಲ್ಲಿಸಿದ್ದು ನನ್ನ ತಪ್ಪು.

ಕೊನೆಗೆ ಕೈಯಲ್ಲಿದ್ದ ಹಣವೆಲ್ಲ ಸುರಿದರೂ ಜಗದ್ದಲ್ ಉಳಿಯುವುದಿಲ್ಲ. ಗುಜರಿ ವ್ಯಾಪಾರಿ ಬಿಡಿಭಾಗಗಳನ್ನು ಗಾಡಿಗೆ ಹೇರಿಕೊಂಡು ಹೋಗುತ್ತಾನೆ. ಕುಣಿಗಲ್ ಕಡೆ ಸಾಕಿದ ಎತ್ತನ್ನು ಸಂತೆಗೆ ಹೊಡೆದು ಬರಿಗೈಲಿ ಮನೆಗೆ ಬಂದವರಿಗೆ ಬಿಮಲ್‌ನ ಆ ಮುಖದ ಗುರುತು ಹತ್ತದೆ ಇರದು. ಅವನಿಗೆ ಗುಜರಿಯವನ ಮೇಲೆ ಸಿಟ್ಟೂ ಇಲ್ಲ, ಹೇಳಿಕೊಳ್ಳಲು ಮಾತೂ ಇಲ್ಲ.

ಆಗ ಹಾರನ್ ಸದ್ದು ಕೇಳುತ್ತದೆ. ತಿರುಗಿ ನೋಡಿದರೆ ಪುಟ್ಟ ಮಗುವೊಂದು ಜಗದ್ದಲ್‌ನ ಹಾರನ್ನನ್ನು ಒತ್ತಿ ಒತ್ತಿ ಆಡುತ್ತಿದೆ. ಬಿಮಲ್ ನಗುತ್ತಾನೆ. ಚಕ್ರ, ದೀಪ, ಬಾನೆಟ್ ಒಂದೂ ಇಲ್ಲ, ಆದರೂ ದನಿಯಿಂದಲೇ ಅವನಿಗೆ ತನ್ನ ಕಾರು ಗುರುತು ಸಿಗುತ್ತದೆ. ಕಾರಿನ ಮುಂಭಾಗವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ ನಾನು ಈ ದೃಶ್ಯವನ್ನು ಅಷ್ಟು ದಿನವೂ ಚಿತ್ರದ ಮುಕ್ತಾಯವೆಂದಷ್ಟೇ ಓದಿದ್ದೆ.

ಅಡಿಟಿಪ್ಪಣಿ ಹಾಗೇ ಇದೆ. ಜಗದ್ದಲ್ ಎಂಬ ಹೆಸರನ್ನು ಮಾತ್ರ ಅಲ್ಲಿಂದ ಎತ್ತಿ ಅಧ್ಯಾಯದ ಮೊದಲ ಸಾಲಿಗೆ ತಂದಿದ್ದೇನೆ.