ಪಹಣಿಯ ಕಲಂಗಳಲ್ಲಿ ಸಮಾಜವಾದ: ಒಂದು ವ್ಯಾಖ್ಯಾನ

ಟಿ.ವಿ. ಚರ್ಚೆಗಳಲ್ಲಿ ಸಮಾಜವಾದ ಎಂದರೆ ರಷ್ಯಾದಲ್ಲಿ ಸೋತದ್ದು, ಇಲ್ಲವೇ ಪುಕ್ಕಟೆ ಹಂಚುವುದು. ಜನರ ಕಿವಿಗೆ ಬೀಳುವುದೂ ಅಷ್ಟೇ. ಕಡೂರು ತಾಲ್ಲೂಕಿನ ದೇವನೂರಿನಲ್ಲಿ ರೈತರ ಮನೆಮನೆಯಲ್ಲೂ ಇರುವ ಜಮೀನಿನ ದಾಖಲೆ, ಪಹಣಿ, ಬೇರೆಯದೇ ಕಥೆ ಹೇಳುತ್ತದೆ.

ಕಲಂ 3: ವಿಸ್ತೀರ್ಣ.
ಒಟ್ಟು ಎಕರೆ-ಗುಂಟೆಯಲ್ಲಿ ‘ಬಿ’ ಖರಾಬನ್ನು ಕಳೆದಿರುತ್ತಾರೆ. ಅದು ದಾರಿ, ಹಳ್ಳದಂಥ ಸಾರ್ವಜನಿಕ ನೆಲ. ಹೊಲದ ನಡುವೆಯೇ ಹಾದುಹೋದರೂ ಖಾತೆದಾರ ಅದನ್ನು ಉಳುವಂತಿಲ್ಲ. ಎಲ್ಲರ ನೆಲ ಒಬ್ಬರ ಸ್ವತ್ತಲ್ಲ ಎಂಬ ಸಮಾಜವಾದದ ಮಾತು ಇಲ್ಲೇ ಇದೆ.

ಕಲಂ 9: ಖಾತೆದಾರನ ಹೆಸರು.
ಗೇಣಿಗೆ ಉತ್ತವನ ಹೆಸರು ಇಲ್ಲಿಗೆ ಬರಲು ಹೋರಾಟವೇ ಬೇಕಾಯಿತು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ಒಡೆಯರಿಗೂ ಗೇಣಿದಾರರಿಗೂ ಜಗಳ ಎದ್ದಿತು. ರೈತ ನಾಯಕ ಗಣಪತಿಯಪ್ಪನವರು ಸಂಘಟಿಸಿದ ಗೇಣಿದಾರರಿಗೆ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಉಳುವವನೇ ಹೊಲದೊಡೆಯ ಎಂಬ ಕೂಗಿಗೆ ಬಲ ಬಂದದ್ದು ಹೀಗೆ.

ಕಲಂ 10: ಹಕ್ಕು ಬಂದ ರೀತಿ.
ಆ ಕೂಗು ಕಾನೂನಾದದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಹಕ್ಕು ಪಡೆದರು. ಅರ್ಜಿಗೆ ಕೊನೆಯ ಗಡುವು 1979ರ ಜೂನ್ 30. ಹಾಗೆ ಬಂದ ಭೂಮಿಯ ಬೆನ್ನಿಗೆ ಈ ಇತಿಹಾಸವಿದೆ. ಆದರೆ ಆ ಹೊಲದಲ್ಲಿ ಬೆಳೆದು ಓದಿದ ಮಕ್ಕಳಿಗೆ ಅದನ್ನು ಹೇಳಿದವರು ಕಡಿಮೆ.

ಕಲಂ 11: ಋಣಗಳು.
ಸಹಕಾರ ಸಂಘದ ಬೆಳೆಸಾಲವೂ ಇಲ್ಲೇ ದಾಖಲಾಗುತ್ತದೆ. ಬಡವರು ಒಬ್ಬರಿಗೊಬ್ಬರು ಹೊಣೆಯಾಗಿ ಲೇವಾದೇವಿಯವರ ಹಿಡಿತದಿಂದ ಪಾರಾಗುವ ಈ ದಾರಿಯನ್ನು ಗದಗದ ಕಣಗಿನಹಾಳ ಗ್ರಾಮ ಸಹಕಾರ ಸಂಘ ಕಟ್ಟಿ 1905ರಲ್ಲೇ ತುಳಿದಿತ್ತು.

ಕಲಂ 12: ಸಾಗುವಳಿದಾರ ಮತ್ತು ಬೆಳೆ.
ಎಲ್ಲಕ್ಕಿಂತ ಮುಖ್ಯವಾದ ಕಲಂ ಇದು. ನ್ಯಾಯಮಂಡಳಿಯಲ್ಲಿ ಗೇಣಿದಾರನ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಇಲ್ಲಿ ಬರೆದ ಹೆಸರು. ಬಾಯಿಮಾತಿನ ಗೇಣಿಗೆ ಉತ್ತ ಹಲವರ ಹೆಸರು ಇಲ್ಲಿ ಏರಿರಲಿಲ್ಲ. ಉತ್ತದ್ದನ್ನು ರುಜುವಾತು ಮಾಡಲು ಅವರು ಪಡಬಾರದ ಪಾಡು ಪಟ್ಟರು. ದುಡಿದವನ ಹೆಸರು ದಾಖಲೆಗೆ ಬರಬೇಕು ಎಂಬುದೇ ಸಮಾಜವಾದದ ತಿರುಳು.

ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಅದರ 79ಎ ಮತ್ತು 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಇದು ಬರೀ ವ್ಯವಹಾರದ ಸುದ್ದಿಯಲ್ಲ, ಪಹಣಿಯ ಮೇಲಿನ ಎಲ್ಲ ಕಲಂಗಳ ಪ್ರಶ್ನೆ. ಪತ್ರಕರ್ತ ಮಿತ್ರರೇ, ಭೂಮಿಯ ಸುದ್ದಿ ಬರೆಯುವಾಗ ಸಮಾಜವಾದದ ಹೆಸರನ್ನೂ ಬರೆಯಿರಿ. ಓದುಗರೇ, ನಿಮ್ಮ ಮನೆಯ ಪಹಣಿ ತೆಗೆದು, ಆ ಹೊಲ ನಿಮಗೆ ಹೇಗೆ ಬಂತೆಂದು ಹಿರಿಯರನ್ನು ಕೇಳಿ.