ಮುಟ್ಟು ತಡವಾದರೆ ಗರ್ಭಕೋಶ ಕೆಟ್ಟಿತೇ?

ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ ತಿಂಗಳು ಮುಟ್ಟು ನಾಲ್ಕು ದಿನ ಮುಂದಕ್ಕೆ ಹೋದರೆ ಸಾಕು, ‘ಗರ್ಭಕೋಶ ಕೆಟ್ಟಿತು, ಇನ್ನು ಮಕ್ಕಳಾಗೋದು ಕಷ್ಟ’ ಎಂಬ ತೀರ್ಪು ಬಂದುಬಿಡುತ್ತದೆ. ಓದಿದವರ ಬಾಯಲ್ಲೂ ಇದೇ ಮಾತು. ಇದು ಶುದ್ಧ ತಪ್ಪು.

ಐ-ಪಿಲ್‌ನಂಥ ಮಾತ್ರೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್. ಅಂಡಾಣು ಹೊರಬರುವುದನ್ನು ತಡೆಯುವುದು ಅಥವಾ ಮುಂದೂಡುವುದು ಅದರ ಕೆಲಸ. ಅಂಡಾಣುವೇ ತಡವಾಗಿ ಬಂದರೆ ಅದರ ಹಿಂದೆ ಬರುವ ಮುಟ್ಟು ತಡವಾಗದೆ ಇದ್ದೀತೇ? ಇನ್ನು ಮುಟ್ಟಾಗಿ ಕೆಲವೇ ದಿನಗಳಲ್ಲಿ ಮಾತ್ರೆ ನುಂಗಿದವರಿಗೆ ಮುಂದಿನ ಮುಟ್ಟು ಬೇಗ ಬರುವುದುಂಟು. ಕೆಲವರಿಗೆ ನಡುವೆ ಕಲೆ ಕಲೆಯಾಗಿ ಸ್ರಾವವಾಗುತ್ತದೆ. ಹೆಚ್ಚಿನವರಿಗೆ ಈ ಏರುಪೇರು ಒಂದು ವಾರದೊಳಗಿನದು, ಮುಂದಿನ ತಿಂಗಳಿಗೆ ಎಲ್ಲ ಮೊದಲಿನಂತೆ.

‘ಹಾರ್ಮೋನಿನ ಬಾಂಬು’ ಎನ್ನುವವರು ಲೆಕ್ಕ ನೋಡಲಿ. ಸರ್ಕಾರವೇ ಹಂಚುವ ನಿತ್ಯದ ಗರ್ಭನಿರೋಧಕ ಮಾಲಾ-ಎನ್‌ನ ಒಂದು ಗುಳಿಗೆಯಲ್ಲಿ ಇದೇ ಹಾರ್ಮೋನು 0.15 ಮಿಲಿಗ್ರಾಂ ಇದೆ. ತಿಂಗಳಿಗೆ ಅಂಥ 21 ಗುಳಿಗೆ. ತುರ್ತು ಮಾತ್ರೆಯ ಪ್ರಮಾಣ ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಸಲ ಒಳಗೆ ಹೋಗುವುದರಿಂದ ವಾಕರಿಕೆ, ತಲೆನೋವು ಬರಬಹುದು, ನಿಜ. ಪದೇ ಪದೇ ನುಂಗಿದರೆ ಮುಟ್ಟಿನ ಲೆಕ್ಕವೇ ತಪ್ಪುತ್ತದೆ, ಗರ್ಭ ತಡೆಯುವುದರಲ್ಲೂ ಅದು ಕಾಪರ್-ಟಿಗೆ ಸಾಟಿಯಲ್ಲ. ಆದರೆ ಬಂಜೆತನ? ಅದಕ್ಕೆ ಆಧಾರವಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆ: ‘ರಕ್ತ ಕಾಣಿಸಿತು, ಇನ್ನು ಚಿಂತೆಯಿಲ್ಲ.’ ಮಾತ್ರೆ ನುಂಗಿದ ನಾಲ್ಕೈದು ದಿನಕ್ಕೆ ಕಾಣುವ ಸ್ರಾವ ಬರೀ ಹಾರ್ಮೋನಿನ ಪರಿಣಾಮವಿರಬಹುದು, ಗರ್ಭ ನಿಂತಿಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಈಗಾಗಲೇ ನಿಂತ ಗರ್ಭವನ್ನು ಈ ಮಾತ್ರೆ ತೆಗೆಯುವುದೂ ಇಲ್ಲ. ಗರ್ಭಪಾತದ ಮಾತ್ರೆಗಳೇ ಬೇರೆ. ಇನ್ನೂ ಒಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಮುಂದೂಡಿದ ಅಂಡಾಣು ಕೆಲವು ದಿನ ಬಿಟ್ಟು ಹೊರಬರಬಹುದು. ಆಗ ಕಾಂಡೋಮ್ ಇಲ್ಲದೆ ಕೂಡಿದರೆ, ಹಿಂದೆ ನುಂಗಿದ ಮಾತ್ರೆ ಕಾಯುವುದಿಲ್ಲ.

ಮಾತ್ರೆಯನ್ನು ಕಾಗದದಲ್ಲಿ ಸುತ್ತಿ, ಮುಖ ನೋಡದೆ ಕೊಡುವ ಅಂಗಡಿಯವರು ಗರ್ಭಕೋಶದ ಉಪದೇಶ ಬಿಟ್ಟು ಮೂರು ಮಾತು ಹೇಳಲಿ. 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಿ. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ.