ಯುಲಿಮಿಟ್ ಮೇಲೆ ಇಷ್ಟು ನಂಬಿಕೆ ಯಾಕೆ?

ಬೆಳಗಾವಿಯ ಹಿಂದವಾಡಿಯ ಮನೆಯಲ್ಲಿ ಕೂತು ಬೆಂಗಳೂರು, ಪುಣೆ ಕಂಪನಿಗಳ ಸರ್ವರ್ ನೋಡಿಕೊಳ್ಳುವ ಹುಡುಗರನ್ನು ಕೇಳಿ. ಮೆಸೇಜಿಂಗ್ ಸರ್ವರ್ 'ಟೂ ಮೆನಿ ಓಪನ್ ಫೈಲ್ಸ್' ಎಂದರೆ ಉತ್ತರ ಸಿದ್ಧ: "ಯುಲಿಮಿಟ್ ಏರಿಸ್ರಿ, ಮುಗೀತು." ಈ ಮಾತು ಪೂರ್ತಿ ಸುಳ್ಳಲ್ಲ. ಒಂದೊಂದು ಸಾಕೆಟ್‌ಗೂ ಒಂದು ಫೈಲ್ ಡಿಸ್ಕ್ರಿಪ್ಟರ್ ಬೇಕು. ಒಂದು ಪ್ರಕ್ರಿಯೆ ಇಂಥ ಎಷ್ಟು ಡಿಸ್ಕ್ರಿಪ್ಟರ್ ತೆರೆಯಬಹುದೆಂಬ ಮಿತಿಯೇ ಯುಲಿಮಿಟ್. ಲಿನಕ್ಸ್ ರೂಢಿಯಂತೆ ಕೊಡುವ 1024ರಲ್ಲಿ ದೊಡ್ಡ ಚಾಟ್ ಸರ್ವರ್ ನಡೆಯದು. ಕರ್ನಲ್‌ನವರೇ 2019ರಲ್ಲಿ, 5.4ನೇ ಆವೃತ್ತಿಯಲ್ಲಿ, ಇನ್ನೊಂದು ಮಿತಿಯನ್ನು, ಅಂದರೆ ಸ್ವೀಕಾರಕ್ಕೆ ಕಾಯುವ ಸಂಪರ್ಕಗಳ ಸರದಿಯ ಮಿತಿಯಾದ ಸೋಮ್ಯಾಕ್ಸ್‌ಕಾನ್ ಅನ್ನು, 128ರಿಂದ 4096ಕ್ಕೆ ಏರಿಸಿದರು. ಏರಿಸಲಿ. ಏರಿಸಿದ ಅಂಕಿಯನ್ನೇ ಸಾಮರ್ಥ್ಯವೆಂದು ನಂಬುವುದಕ್ಕೆ ನನ್ನ ತಕರಾರು. ಖಾನಾಪುರ ಬಸ್ಸಿನ ಬಾಗಿಲು ಅಗಲ ಮಾಡಿದರೆ ಸೀಟು ಹೆಚ್ಚಾಗುತ್ತವೆಯೇ?

ಈ ನಂಬಿಕೆಯ ಪುರಾಣ ವಾಟ್ಸಾಪ್‌ನದು. 2012ರ ಜನವರಿಯಲ್ಲಿ ಒಂದೇ ಫ್ರೀಬಿಎಸ್‌ಡಿ ಯಂತ್ರದ ಮೇಲೆ 20 ಲಕ್ಷಕ್ಕೂ ಮಿಕ್ಕಿ ಸಂಪರ್ಕ ನಿಲ್ಲಿಸಿದ್ದಾಗಿ ಅವರು ಪ್ರಕಟಿಸಿದರು. ಜನ ಎತ್ತಿಕೊಂಡದ್ದು ಮ್ಯಾಕ್ಸ್‌ಫೈಲ್ಸ್ 30 ಲಕ್ಷ ಎಂಬ ಒಂದು ಸಾಲನ್ನು. ಅದೇ ವರ್ಷ ವಾಟ್ಸಾಪ್‌ನ ಎಂಜಿನಿಯರ್ ರಿಕ್ ರೀಡ್ ಎರ್ಲಾಂಗ್ ಫ್ಯಾಕ್ಟರಿ ಸಮ್ಮೇಳನದಲ್ಲಿ ಹೇಳಿದ ಕಥೆ ಬೇರೆಯೇ. ಸರ್ವರ್‌ಗೆ ಸುಮಾರು 2 ಲಕ್ಷ ಸಂಪರ್ಕದಿಂದ ಹೊರಟವರು ಅಳೆದರು, ತಮ್ಮ ಸರ್ವರ್ ಓಡುವ ಎರ್ಲಾಂಗ್ ವಿಎಂ ಒಳಗಿನ ಲಾಕ್ ಜಗಳಗಳನ್ನು ಪತ್ತೆಹಚ್ಚಿದರು, ವಿಎಂಗೇ ಪ್ಯಾಚ್ ಹಾಕಿದರು. ಮಿತಿ ಏರಿಸಿದ್ದು ಅದರಲ್ಲಿ ಅತಿ ಸುಲಭದ ಕೆಲಸ, ಅದೊಂದೇ ನಕಲಾಗುತ್ತಿದೆ.

"ಏರಿಸಿದರೆ ನಷ್ಟವೇನು?" ಎನ್ನುವವರಿಗೆ ಡಾಕರ್‌ನ ಅನುಭವವೇ ಉತ್ತರ. ಡಾಕರ್ ಸೇವೆಯ ಫೈಲ್ ಮಿತಿ 'ಇನ್‌ಫಿನಿಟಿ' ಎಂದಿದ್ದು, ಸಿಸ್ಟಮ್‌ಡಿ ಕರ್ನಲ್‌ನ ಗರಿಷ್ಠ ಅಂಕಿಯನ್ನೂ ಎತ್ತಿಟ್ಟ ಯಂತ್ರಗಳಲ್ಲಿ ಆ 'ಅನಂತ'ದ ಬೆಲೆ ನೂರು ಕೋಟಿ ದಾಟುತ್ತದೆ. ಎರ್ಲಾಂಗ್ ತನ್ನ ಪೋರ್ಟ್ ಕೋಷ್ಟಕದ ಗಾತ್ರವನ್ನು ಈ ಮಿತಿ ನೋಡಿಯೇ ನಿಗದಿ ಮಾಡುವುದು. ಪರಿಣಾಮ, ಒಂದು ಸಂದೇಶವೂ ಬರುವ ಮೊದಲೇ ಎರ್ಲಾಂಗ್ ಮೇಲೆ ಓಡುವ ಸಂದೇಶ ಸರ್ವರ್ ರ‍್ಯಾಬಿಟ್‌ಎಂಕ್ಯೂ ಗಿಗಾಬೈಟ್‌ಗಟ್ಟಲೆ ಮೆಮೊರಿ ನುಂಗಿ ಕೂರುತ್ತದೆ. ಇನ್ನು ಕೆಲವು ಹಳೆಯ ಡೀಮನ್‌ಗಳು ಶುರುವಾಗುವಾಗ ಡಿಸ್ಕ್ರಿಪ್ಟರ್‌ಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ, ತೆರೆದಿರಲಿ ಬಿಡಲಿ. ನೂರು ಕೋಟಿ ಸಲ!

ನನಗೆ ಮೆಚ್ಚುಗೆಯಾಗುವುದು ಡೇನಿಯಲ್ ಬರ್ನ್‌ಸ್ಟೈನ್ ಅವರ ಇಮೇಲ್ ಸರ್ವರ್ ಕ್ಯೂಮೇಲ್. ಬೆಂಗಳೂರಲ್ಲಿ ಬೆಳೆದ ಸಬೀರ್ ಭಾಟಿಯಾ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಹೊರಹೋಗುವ ಅಂಚೆಗೆ ನೆಚ್ಚಿಕೊಂಡದ್ದು ಇದನ್ನೇ. ಇದರಲ್ಲಿ ಏಕಕಾಲದ ಹೊರ ರವಾನೆಗೆ ಮೂಲ ಮಿತಿ 20. ಹೆಚ್ಚಿಸಿದರೂ 120, ಅದಕ್ಕೂ ಮೀರಬೇಕೆಂದರೆ ಮತ್ತೆ ಕಂಪೈಲ್ ಮಾಡಬೇಕು. ಇದು ಜಿಪುಣತನವೆಂದು ಆಗಲೂ ಬೈದವರಿದ್ದರು, ದೊಡ್ಡ ಸೇವೆಗೆ 20 ಸಾಲದೆಂಬುದೂ ನಿಜ. ಆದರೆ ಉಳಿದ ಪತ್ರಗಳು ಡಿಸ್ಕಿನ ಸರದಿಯಲ್ಲಿ ಸುರಕ್ಷಿತವಾಗಿ ಕಾಯುತ್ತವೆ. ಎಲ್ಲಿ 'ತಡಿ' ಅನ್ನಬೇಕೆಂದು ತಂತ್ರಾಂಶವೇ ಮೊದಲು ತೀರ್ಮಾನಿಸಿದೆ. ಯುಲಿಮಿಟ್ ಹತ್ತು ಲಕ್ಷಕ್ಕೆ ಏರಿಸಿ, ಸರದಿಗೆ ಮಿತಿಯನ್ನೇ ಇಡದ ಸರ್ವರ್‌ನಲ್ಲಿ ಆ ತೀರ್ಮಾನ, ಮೆಮೊರಿ ಮುಗಿದಾಗ ಎದ್ದುಬರುವ ಕರ್ನಲ್‌ನ ಓಓಎಂ ಕಿಲ್ಲರ್ ಪಾಲಾಗುತ್ತದೆ. ಅದು ಸಂಪರ್ಕವೊಂದನ್ನು ನಿರಾಕರಿಸಿ ಸುಮ್ಮನಾಗುವುದಿಲ್ಲ. ಇಡೀ ಪ್ರಕ್ರಿಯೆಯನ್ನೇ ಕೊಲ್ಲುತ್ತದೆ, ಡಿಸ್ಕ್ ಸೇರದ ಸಂದೇಶಗಳ ಸಮೇತ.